ಕುರ್ಚಿಯ ಮೇಲಿನ ಕೊಡೆ

ನಾನು ಮೂವತ್ತೆರಡು ವರ್ಷ ಗಣಿತ ಕಲಿಸಿದೆ. ಅದರ ಬಗ್ಗೆ ಯಾರೂ ಕೇಳುವುದಿಲ್ಲ. ಮಣಿಪಾಲದಲ್ಲಿ ಡಾಕ್ಟರ ಕೋಣೆಯ ಹೊರಗೆ ಕುಳಿತಿರುವಾಗ, ಬನ್ನಂಜೆಯ ನಮ್ಮ ಮನೆ ಹತ್ತಿರದ ಅಂಗಡಿಯಲ್ಲಿ ಹಾಲು ತೆಗೆದುಕೊಳ್ಳುವಾಗ, ಗಡ್ಡ ಬಿಟ್ಟವನೊಬ್ಬನೋ ಮಗುವನ್ನು ಎತ್ತಿಕೊಂಡವಳೊಬ್ಬಳೋ ಹತ್ತಿರ ಬಂದು ನಗುತ್ತಾರೆ. "ನಮಸ್ಕಾರ ಸರ್. ಕೊಡೆ ಹೇಗುಂಟು?" ಎನ್ನುತ್ತಾರೆ. ನನ್ನ ಆರೋಗ್ಯ ಎರಡನೆಯ ಪ್ರಶ್ನೆ.

ಈ ತಿಂಗಳು ಮೂರು ಸಲ ಹೀಗಾಯಿತು. ಪಕ್ಕದಲ್ಲಿದ್ದವರು ಎಂತ ಕೊಡೆ, ಯಾವ ಕೊಡೆ ಎಂದು ಕೇಳುತ್ತಾರೆ. ಪ್ರತಿ ಸಲ ಹೇಳುವುದಕ್ಕಿಂತ ಒಮ್ಮೆ ಬರೆಯುವುದು ಸುಲಭ.

೧. ಬಿಡುವಿನ ಪೀರಿಯಡ್

ಎರಡು ಸಾವಿರನೇ ಇಸವಿಯ ಆಚೀಚಿನ ಮಾತು. ನಮ್ಮ ಹೈಸ್ಕೂಲು ಬೆಳ್ಮಣ್ಣಿನಿಂದ ಸ್ವಲ್ಪ ಈಚೆ ಇತ್ತು. ಹೆಂಚಿನ ಮಾಡು, ಉದ್ದದ ಜಗಲಿ, ಎದುರಿಗೆ ಮೈದಾನ. ಆ ವರ್ಷ ಇಬ್ಬರು ನಿವೃತ್ತರಾದರು. ಅವರ ಜಾಗಕ್ಕೆ ಯಾರೂ ಬರಲಿಲ್ಲ. ಒಂಬತ್ತನೇ ಬಿ ತರಗತಿಯ ಕೊನೆಯ ಪೀರಿಯಡ್ಡಿಗೆ ಮಾಷ್ಟ್ರು ಇಲ್ಲದ ಹಾಗಾಯಿತು.

ಹೆಡ್‌ಮಾಷ್ಟ್ರು ಟೈಮ್ ಟೇಬಲ್ ಹಿಡಿದುಕೊಂಡು ಬಂದು ನನ್ನ ಎದುರು ನಿಂತರು.

"ಕೊನೆಯ ಪೀರಿಯಡ್ ನಿಮಗೆ ಬಿಡುವು ಉಂಟಲ್ಲ?"

ಉಂಟು. ದಿನಕ್ಕೆ ಅದೊಂದೇ. ಆ ಹೊತ್ತಿಗೆ ನಾನು ರಸ್ತೆಯಾಚೆಯ ಹೋಟೆಲಿನಲ್ಲಿ ಒಂದು ಚಾ ಕುಡಿದು, ಯಾರ ಜೊತೆಗೂ ಮಾತಾಡದೆ ಕುಳಿತಿರುತ್ತಿದ್ದೆ. ಬೆಳಗ್ಗಿನಿಂದ ಅದಕ್ಕಾಗಿಯೇ ಕಾಯುತ್ತಿದ್ದೆ ಎಂದರೂ ಸುಳ್ಳಲ್ಲ.

"ಅವರೇ ಓದಿಕೊಳ್ಳಲಿ," ಎಂದೆ.

"ಯಾರು?"

"ಮಕ್ಕಳು."

"ಒಂಬತ್ತನೇ ಬಿ! ಯಾರೂ ಇಲ್ಲದೆ!"

"ಹದಿನಾಲ್ಕು ವರ್ಷ ಆಯಿತು ಅವರಿಗೆ."

ಹೆಡ್‌ಮಾಷ್ಟ್ರು ಕನ್ನಡಕ ತೆಗೆದು ಒರೆಸಿದರು. "ನೀವು ದಿನಕ್ಕೆ ನಾಲ್ಕು ಮಾತಾಡುವವರು. ಆಡಿದರೆ ಹೀಗೆ ಆಡುವುದಾ ಮಾರಾಯ್ರೆ?"

ಕೊನೆಗೆ ಒಂದು ಒಪ್ಪಂದವಾಯಿತು. ಮಕ್ಕಳು ತಾವೇ ಓದಿಕೊಂಡರೆ ಶುಕ್ರವಾರ ಆ ಹೊತ್ತಿಗೆ ಮೈದಾನ, ಬ್ಯಾಟು, ಚೆಂಡು. ವರ್ಷದಲ್ಲಿ ಮೂರು ಸಲ ಗಲಾಟೆ ಆಫೀಸಿಗೆ ಕೇಳಿಸಿತೋ, ಎಲ್ಲ ರದ್ದು. ಶುಕ್ರವಾರ ಹೆಡ್‌ಮಾಷ್ಟ್ರು ಸ್ವತಃ ಬಂದು ಇಂಗ್ಲಿಷ್ ವ್ಯಾಕರಣ ಮಾಡುವುದು, ಉಳಿದ ದಿನ ನಾನು ಹೋಗಿ ಕುಳಿತುಕೊಳ್ಳುವುದು. ಅವರಿಗೆ ಆಟ ಹೋಗುತ್ತದೆ, ನನಗೆ ಚಾ ಹೋಗುತ್ತದೆ.

ಮೊದಲ ದಿನ ಚಾ ತುಟಿಗೆ ತಾಗಿಸಿದ್ದೆ ಅಷ್ಟೇ. ಶಾಲೆಯ ಕಡೆಯಿಂದ ಮಲ್ಪೆ ಬಂದರಿಗೆ ಮೀನಿನ ಬೋಟು ಬಂದಾಗಿನಂಥ ಸದ್ದು ಎದ್ದಿತು. ಹೋಟೆಲಿನವರು ಹೊರಗೆ ಬಗ್ಗಿ ನೋಡಿದರು.

"ಎಂತ ಮಾಷ್ಟ್ರೇ, ಶಾಲೆ ಬಿಟ್ಟಿತಾ?"

"ಇಲ್ಲ. ಓದ್ತಾ ಇದ್ದಾರೆ," ಎಂದೆ.

೨. ಬೋರ್ಡಿನ ಮೇಲೆ ಹೆಸರು

ಒಂದು ಸಲ ಮುಗಿಯಿತು. ಇನ್ನು ಎರಡು ಬಾಕಿ.

ಮರುದಿನ ಮಕ್ಕಳೇ ಕುಳಿತು ನಿಯಮ ಮಾಡಿಕೊಂಡರು. ನಾನು ಬಾಯಿ ಹಾಕಲಿಲ್ಲ. ಗಲಾಟೆ ಮಾಡಿದವರ ಹೆಸರನ್ನು ಲೀಡರ್ ಬೋರ್ಡಿನಲ್ಲಿ ಬರೆಯುವುದು. ಎಷ್ಟು ಸಲ ಮಾಡಿದರೋ ಅಷ್ಟು ಗೆರೆ ಎಳೆಯುವುದು. ಹೆಸರು ಬಂದವರು ಗಂಟೆ ಹೊಡೆಯುವವರೆಗೆ ನಿಲ್ಲುವುದು.

ಮೊದಲ ಲೀಡರ್ ಒಬ್ಬ ಹುಡುಗ. ಅವನು ತನ್ನ ಜೊತೆ ಜಗಳ ಆಡಿದವರ ಹೆಸರು ಬರೆಯುತ್ತಿದ್ದ. ಎರಡು ನೆಲ್ಲಿಕಾಯಿ ಕೊಟ್ಟರೆ ಒರೆಸುತ್ತಿದ್ದ. ಮೂರನೆಯ ದಿನ ಅವನನ್ನು ಇಳಿಸಿ ಒಬ್ಬಳು ಹುಡುಗಿಯನ್ನು ಮಾಡಿದರು. ಎರಡು ಜಡೆ, ಕೆಂಪು ರಿಬ್ಬನ್, ನಗುವುದು ಕಡಿಮೆ. ನನಗೆ ಹಿಡಿಸಿದಳು.

ಅದೇ ವಾರ ಹೆಡ್‌ಮಾಷ್ಟ್ರು ನನ್ನನ್ನು ಕರೆದರು. "ಕೇಳಿಸಿತು. ಒಂದೇ ಸ್ವರ. ಆದರೂ ಕೇಳಿಸಿತು."

ಹೋಗಿ ನೋಡಿದೆ. ಕ್ಲಾಸಿನಲ್ಲಿ ಉಸಿರಿನ ಸದ್ದೂ ಇಲ್ಲ. ಬೋರ್ಡಿನಲ್ಲಿ ಒಂದೇ ಹೆಸರು, ಲೀಡರಿನದ್ದು. ಅದರ ಮುಂದೆ ಐದು ಗೆರೆ. ಅವಳು ಎದ್ದು ನಿಂತಿದ್ದಳು.

"ನಿನ್ನ ಹೆಸರು ಯಾಕೆ?"

"ಮಾತಾಡಿದೆ ಸರ್."

"ಎಂತ ಮಾತಾಡಿದೆ?"

"ಮಾತಾಡ್ಬೇಡಿ ಅಂತ ಹೇಳಿದೆ ಸರ್. ಐದು ಸಲ."

"ಅದಕ್ಕೆ ಹೆಸರು ಬರೆಯಬೇಕೆಂದಿಲ್ಲ."

"ಜೋರಾಗಿ ಹೇಳಿದೆ ಸರ್. ಆಫೀಸಿಗೆ ಕೇಳಿಸಿದ್ದು ನಂದೇ ಸ್ವರ, ಅಲ್ವಾ?"

"ಕುಳಿತುಕೋ."

"ಗಂಟೆ ಹೊಡೀಲಿಲ್ಲ ಸರ್."

ನಾನು ಹೊರಗೆ ಬಂದೆ. ಹೆಡ್‌ಮಾಷ್ಟ್ರಿಗೆ ನಡೆದದ್ದನ್ನು ಹೇಳಿದೆ. ಅವರು ಎರಡನೆಯ ಸಲವೆಂದು ಗುರುತು ಹಾಕಿಕೊಂಡರು. ಆಮೇಲೆ, "ಇವಳನ್ನು ನಮ್ಮ ಸ್ಟಾಫ್ ಮೀಟಿಂಗಿಗೆ ಕಳಿಸಿ," ಎಂದರು.

೩. ಕೊಡೆಯ ನೌಕರಿ

ಇನ್ನು ಒಂದೇ ಸಲ ಬಾಕಿ. ಜುಲೈ ತಿಂಗಳೂ ಮುಗಿದಿರಲಿಲ್ಲ.

ನನ್ನದು ಮರದ ಹಿಡಿಯ ದೊಡ್ಡ ಕಪ್ಪು ಕೊಡೆ. ಬಟ್ಟೆಗೆ ಎರಡು ಕಡೆ ತೇಪೆ. ಒಂದು ದಿನ ಗಣಿತದ ಪಾಠ ಮುಗಿಸಿ ಬರುವಾಗ ಅದನ್ನು ಒಂಬತ್ತನೇ ಬಿಯ ಕುರ್ಚಿಯ ಮೇಲೆ ಮರೆತು ಬಂದೆ. ಆ ದಿನ ಕೊನೆಯ ಪೀರಿಯಡ್ಡಿನಲ್ಲಿ ಒಂದು ಸದ್ದೂ ಕೇಳಲಿಲ್ಲ. ಮರುದಿನ ಲೀಡರ್ ಇನ್ನಿಬ್ಬರನ್ನು ಕರೆದುಕೊಂಡು ಸ್ಟಾಫ್ ರೂಮಿಗೆ ಬಂದಳು.

"ಸರ್, ದಿನಾ ಕೊಡೆ ಬಿಟ್ಟು ಹೋಗ್ತೀರಾ?"

"ಯಾಕೆ?"

"ಅದು ಕುರ್ಚಿಯಲ್ಲಿದ್ರೆ ನೀವು ಈಗ ಬರ್ತೀರಿ ಅಂತ ಅನಿಸ್ತದೆ ಸರ್. ಓದ್ಲಿಕ್ಕೆ ಮನಸ್ಸು ಬರ್ತದೆ."

"ಹಾಗಾದರೆ ನಾನೇ ಬರುತ್ತೇನೆ."

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಬೇಡ ಸರ್," ಎಂದಳು. "ಕೊಡೆ ಸಾಕು."

ಅಂದಿನಿಂದ ಕೊಡೆ ಕುರ್ಚಿಯಲ್ಲಿ, ನಾನು ಮಳೆಯಲ್ಲಿ. ರಸ್ತೆ ದಾಟುವಷ್ಟರಲ್ಲಿ ತಲೆಯಿಂದ ನೀರು ಇಳಿಯುತ್ತಿತ್ತು. ಹೋಟೆಲಿನವರು ಒಂದು ವಾರ ನೋಡಿದರು. ಆಮೇಲೆ ತಡೆಯಲಾಗದೆ ಕೇಳಿದರು.

"ಎಂತ ಮಾಷ್ಟ್ರೇ, ಈ ಮಳೆಗೆ ಕೊಡೆ ಇಲ್ವಾ?"

"ಉಂಟು. ಕ್ಲಾಸ್ ತೆಗೆದುಕೊಳ್ತಾ ಉಂಟು."

೪. ಹೆಚ್ಚಾದ ಅಂಕ

ಕಾಪುವಿನಿಂದ ಬರುತ್ತಿದ್ದ ಒಬ್ಬ ಹುಡುಗ ಇದ್ದ. ತಂದೆ ಗಲ್ಫಿನಲ್ಲಿ. ಶುಕ್ರವಾರ ಪಕ್ಕದ ಮನೆಗೆ ಫೋನ್ ಬರುತ್ತಿತ್ತು, ಇವನು ಓಡಬೇಕು. ಜೂನ್‌ನಲ್ಲಿ ಅವನಿಗೆ ಗಣಿತದಲ್ಲಿ ಮೂವತ್ತೊಂದು. ಕೊನೆಯ ಪೀರಿಯಡ್ಡಿನಲ್ಲಿ ಕೊಡೆಯ ಎದುರು ಕುಳಿತು ಓದಿದ ಫಲವೋ ಏನೋ, ಮುಂದಿನ ಪರೀಕ್ಷೆಯಲ್ಲಿ ಐವತ್ತೆಂಟು ಬಂದಿತು. ಉತ್ತರ ಪತ್ರಿಕೆ ಹಿಡಿದುಕೊಂಡು ಸ್ಟಾಫ್ ರೂಮಿಗೆ ಬಂದ. ಮುಖ ಸಣ್ಣದಾಗಿತ್ತು.

"ಸರ್, ಜಾಸ್ತಿ ಆಯ್ತು."

"ಎಂತ?"

"ಅಂಕ."

ಮೂವತ್ತೆರಡು ವರ್ಷದಲ್ಲಿ ಅಂಥ ದೂರು ಅದೊಂದೇ.

"ಪ್ರತಿ ಪರೀಕ್ಷೆಯಲ್ಲಿ ಮೊದಲಿಗಿಂತ ಹೆಚ್ಚು ತೆಗೆದ್ರೆ ಅಪ್ಪ ಒಂದೊಂದು ವಸ್ತು ಕಳಿಸ್ತಾರೆ ಸರ್. ಈ ಸಲ ವಾಚು. ಆಮೇಲೆ ಶೂ. ಆಮೇಲೆ ವಾಕ್‌ಮನ್. ಒಮ್ಮೆಗೇ ಐವತ್ತೆಂಟು ಆದ್ರೆ ಅದರ ಮೇಲೆ ಹೋಗ್ಲಿಕ್ಕೆ ನನ್ನಿಂದ ಆಗ್ಲಿಕ್ಕಿಲ್ಲ. ಈಗ ಮೂವತ್ತೆಂಟು ಹಾಕಿ ಸರ್. ಸಾಕು."

ಕಿಸೆಯಿಂದ ಒಂದು ಕಾಗದ ತೆಗೆದ. ಗೆರೆ ಎಳೆದು ಚಂದದಲ್ಲಿ ಬರೆದಿದ್ದ. ಈಗ ಮೂವತ್ತೆಂಟು, ಅರ್ಧವಾರ್ಷಿಕಕ್ಕೆ ನಲವತ್ತೈದು, ಜನವರಿಗೆ ಐವತ್ತೆರಡು, ವಾರ್ಷಿಕಕ್ಕೆ ಐವತ್ತೊಂಬತ್ತು. ಪ್ರತಿ ಸಲ ಏಳು. ಎಲ್ಲಿಯೂ ತಪ್ಪಿಲ್ಲ.

"ಇದನ್ನು ಯಾರು ಮಾಡಿಕೊಟ್ಟರು?"

"ನಾನೇ ಸರ್. ಸಮಾಂತರ ಶ್ರೇಢಿ."

ಆ ಪಾಠ ನಾನು ಇನ್ನೂ ಮಾಡಿರಲಿಲ್ಲ. ಅವನೇ ಪುಸ್ತಕ ನೋಡಿ ಕಲಿತಿದ್ದ. ನನಗೆ ಸಂತೋಷವಾಯಿತು. ಕೆಂಪು ಪೆನ್ನು ತೆಗೆದು ಎರಡು ಅಂಕ ಸೇರಿಸಿ ಅರವತ್ತು ಮಾಡಿದೆ.

ಹುಡುಗ ಅತ್ತುಬಿಟ್ಟ.

೫. ಮಿಠಾಯಿ ಪರೀಕ್ಷೆ

ನವೆಂಬರಿನಲ್ಲಿ ಮಣಿಪಾಲದಿಂದ ಒಬ್ಬಳು ಹುಡುಗಿ ಬಂದಳು. ಮಕ್ಕಳ ಮನಸ್ಸಿನ ಬಗ್ಗೆ ಓದುತ್ತಿದ್ದಳು. ಕೈಯಲ್ಲಿ ಫೈಲು, ಕೊರಳಲ್ಲಿ ಸ್ಟಾಪ್‌ವಾಚು, ಒಂದು ದೊಡ್ಡ ಡಬ್ಬ ಕಡ್ಲೆ ಮಿಠಾಯಿ. ಒಂಬತ್ತನೇ ಬಿಯ ಕೊನೆಯ ಪೀರಿಯಡ್ಡಿನಲ್ಲಿ ಪ್ರತಿಯೊಬ್ಬರ ಎದುರು ಒಂದು ಮಿಠಾಯಿ ಇಡುವುದು, ಅವಳು ಹೊರಗೆ ಹೋಗುವುದು. ಕಾಲು ಗಂಟೆ ತಿನ್ನದೆ ಇದ್ದವರಿಗೆ ಇನ್ನೊಂದು.

"ಇಂಥ ವಯಸ್ಸಿನಲ್ಲಿ ಅರ್ಧದಷ್ಟು ಮಕ್ಕಳು ಕಾಯುವುದಿಲ್ಲ ಸರ್," ಎಂದು ಮೊದಲೇ ಸಮಾಧಾನ ಹೇಳಿದಳು.

ಕಾಲು ಗಂಟೆಯ ಮೇಲೆ ಒಳಗೆ ಹೋದೆವು. ನಲವತ್ತೆರಡು ಮಕ್ಕಳು, ನಲವತ್ತೆರಡು ಮಿಠಾಯಿ. ಒಂದನ್ನೂ ನೆಕ್ಕಿರಲಿಲ್ಲ. ಅವಳು ಪುಟಗಟ್ಟಲೆ ಬರೆದುಕೊಂಡಳು. ಎದುರಿನ ಬೆಂಚಿನ ಹುಡುಗನನ್ನು ಕೇಳಿದಳು. ಅವನು ಬಾಗಲಕೋಟೆ ಕಡೆಯವನು, ತಂದೆ ಇಲ್ಲಿ ಗಾರೆ ಕೆಲಸಕ್ಕೆ ಬಂದಿದ್ದರು.

"ಹೇಗೆ ತಡೆದುಕೊಂಡೆ? ಮನಸ್ಸಿಗೆ ಏನು ಹೇಳಿಕೊಂಡೆ?"

"ತಿನ್ನಾಕ ಭಾಳ ಮನಸ್ಸಿತ್ರಿ ಮೇಡಂ. ಆದ್ರ ಛತ್ರಿ ನೋಡಾಕತ್ತಿತ್ತಲ್ರಿ."

"ಯಾವ ಛತ್ರಿ?"

ನಲವತ್ತೆರಡು ಕೈಗಳು ಕುರ್ಚಿಯನ್ನು ತೋರಿಸಿದವು.

ಅವಳು ಕೊಡೆಯನ್ನು ಸ್ಟಾಫ್ ರೂಮಿನಲ್ಲಿ ಇಡಿಸಿ ಇನ್ನೊಮ್ಮೆ ಪರೀಕ್ಷೆ ಮಾಡಿದಳು. ಈ ಸಲ ಬೆಂಚಿನ ಮೇಲಿನ ಮಿಠಾಯಿಯೂ ಉಳಿಯಲಿಲ್ಲ, ಡಬ್ಬದಲ್ಲಿದ್ದದ್ದೂ ಉಳಿಯಲಿಲ್ಲ. ಸದ್ದು ಮಾತ್ರ ಮಾಡಲಿಲ್ಲ. ಮೂರನೆಯ ಸಲ ಬಾಕಿ ಇದೆಯೆಂಬ ಎಚ್ಚರ ಇತ್ತು.

ಹೊರಡುವಾಗ ಅವಳು ನನ್ನ ಹತ್ತಿರ ಬಂದು ಸಣ್ಣ ಸ್ವರದಲ್ಲಿ ಕೇಳಿದಳು. "ಸರ್, ಇಂಥ ಕೊಡೆ ಎಲ್ಲಿ ಸಿಗ್ತದೆ?"

೬. ಕಿಟಕಿ

ಫೆಬ್ರವರಿ ಬಂದಿತು. ಪರೀಕ್ಷೆಗೆ ಸ್ವಲ್ಪವೇ ದಿನ. ಮೂರನೆಯ ಗುರುತು ಬಿದ್ದಿರಲಿಲ್ಲ.

ಒಂದು ಆದಿತ್ಯವಾರ ಕಾರ್ಕಳದ ತಂಗಿಯ ಮನೆಗೆ ಹೋಗಿ ಬರುವಾಗ ಕೊಡೆಯನ್ನು ಬಸ್ಸಿನಲ್ಲಿ ಬಿಟ್ಟೆ. ಸೋಮವಾರ ಕ್ಲಾಸಿಗೆ ಹೋಗಿ ಹೇಳಿದೆ. "ಕೊಡೆ ಕಳೆದುಹೋಯಿತು."

ಎಲ್ಲರೂ ಖಾಲಿ ಕುರ್ಚಿಯನ್ನು ನೋಡಿದರು. ಯಾರೋ ತೀರಿಕೊಂಡ ಮನೆಯ ಹಾಗಿತ್ತು.

"ಪರವಾಗಿಲ್ಲ ಸರ್," ಎಂದಳು ಲೀಡರ್. "ನೀವು ಚಾ ಕುಡಿದು ಬನ್ನಿ."

ಹೊರಟೆ. ಗೇಟಿನವರೆಗೆ ಹೋದೆ. ಮುಂದೆ ಕಾಲು ಬರಲಿಲ್ಲ. ಮಿಠಾಯಿಯ ಡಬ್ಬ ನೆನಪಾಯಿತು. ಶಾಲೆಯ ಹಿಂದಿನಿಂದ ಬಂದು ಒಂಬತ್ತನೇ ಬಿಯ ಕಿಟಕಿಯ ಕೆಳಗೆ ಕುಕ್ಕರುಗಾಲಿನಲ್ಲಿ ಕುಳಿತೆ. ಸದ್ದಿಲ್ಲ. ಮೆಲ್ಲನೆ ತಲೆ ಎತ್ತಿ ಇಣುಕಿದೆ. ಓದುತ್ತಿದ್ದರು. ತಲೆ ತಗ್ಗಿಸಿದೆ. ಒಳಗೆ ಸೀಮೆಸುಣ್ಣ ಗೀಚಿದ ಸದ್ದು. ನಂಬಿಕೆ ಬರಲಿಲ್ಲ. ಇನ್ನೊಮ್ಮೆ ಇಣುಕಿದೆ. ಮತ್ತೆ ಸೀಮೆಸುಣ್ಣ. ಹೀಗೆ ನಾಲ್ಕು ಸಲ.

ಆಗ ಒಳಗೆ ಬೂಟಿನ ಸದ್ದು ಕೇಳಿಸಿತು. ಉಡುಪಿಯಿಂದ ಇಲಾಖೆಯ ಅಧಿಕಾರಿ ತಪಾಸಣೆಗೆ ಬಂದಿದ್ದರು. ಜೊತೆಗೆ ಹೆಡ್‌ಮಾಷ್ಟ್ರು.

"ಇದು ಯಾರ ಪೀರಿಯಡ್?" ಎಂದು ಅಧಿಕಾರಿಯ ಸ್ವರ.

"ನಮ್ಮದು ಸರ್," ಎಂದಳು ಲೀಡರ್.

"ಪಾಠ ಮಾಡುವವರು ಯಾರು?"

"ಯಾರೂ ಇಲ್ಲ ಸರ್. ನಾವೇ ಓದುವುದು."

ಹೆಡ್‌ಮಾಷ್ಟ್ರು ಕೆಮ್ಮಿದರು.

"ಬೋರ್ಡಿನಲ್ಲಿ ಇದೆಂತ? 'ಗಣಿತ ಸರ್' ಅಂತ ಉಂಟು. ಮುಂದೆ ನಾಲ್ಕು ಗೆರೆ."

"ಗಲಾಟೆ ಮಾಡಿದವರ ಹೆಸರು ಸರ್. ನಾಲ್ಕು ಸಲ ಇಣುಕಿದ್ರು. ನಮಗೆ ಓದ್ಲಿಕ್ಕೆ ಬಿಡುವುದಿಲ್ಲ."

"ಅವರು ಎಲ್ಲಿದ್ದಾರೆ?"

ಬಾಗಲಕೋಟೆಯ ಹುಡುಗನಿಗೆ ತಡೆಯಲಾಗಲಿಲ್ಲ. "ಕಿಡಕಿ ಕೆಳಗ ಅದಾರ್ರಿ ಸರ."

ಕಿಟಕಿಯ ಸರಳುಗಳ ನಡುವೆ ಹೆಡ್‌ಮಾಷ್ಟ್ರ ಮುಖ ಕಾಣಿಸಿತು. "ಎಂತ ಮಾಡ್ತಾ ಇದ್ದೀರಿ ಮಾರಾಯ್ರೆ ಅಲ್ಲಿ?"

ಪ್ಯಾಂಟಿನ ಕೆಂಪು ಮಣ್ಣು ಕೊಡವಿಕೊಂಡು ಒಳಗೆ ಹೋದೆ. ಅಧಿಕಾರಿ ನನ್ನನ್ನು ನೋಡಿ, ಬೋರ್ಡನ್ನು ನೋಡಿ, ಲೀಡರಿನ ಕಡೆ ತಿರುಗಿದರು.

"ಹೆಸರು ಬಂದವರಿಗೆ ಏನು ಶಿಕ್ಷೆ?"

"ಗಂಟೆ ಹೊಡೆಯುವವರೆಗೆ ನಿಲ್ಲಬೇಕು ಸರ್."

"ಮಾಷ್ಟ್ರಿಗೂ ಉಂಟಾ?"

"ನಾನೂ ನಿಂತಿದ್ದೆ ಸರ್."

ನಿಂತೆ. ಹದಿನೆಂಟು ನಿಮಿಷ. ಅಧಿಕಾರಿ ಕೊಡೆಯ ಕುರ್ಚಿಯಲ್ಲಿ ಕುಳಿತು ಯಾರದೋ ಪುಸ್ತಕ ತೆಗೆದು ಓದಿದರು. ಹೆಡ್‌ಮಾಷ್ಟ್ರಿಗೆ ಕುಳಿತುಕೊಳ್ಳಲು ಜಾಗವಿರಲಿಲ್ಲ, ಅವರೂ ನಿಂತರು. ಯಾರೂ ತಲೆ ಎತ್ತಲಿಲ್ಲ, ಯಾರೂ ನಗಲಿಲ್ಲ. ಅಷ್ಟು ಚೆನ್ನಾಗಿ ನಡೆದ ಕ್ಲಾಸನ್ನು ನಾನು ನೋಡಿರಲಿಲ್ಲ. ನಾನು ಪಾಠ ಮಾಡಿದಾಗಲೂ.

ಸದ್ದು ಆಗದ ಕಾರಣ ಮೂರನೆಯ ಗುರುತು ಬೀಳಲಿಲ್ಲ. ಮಕ್ಕಳ ಶುಕ್ರವಾರ ಉಳಿಯಿತು, ನನ್ನ ಚಾ ಉಳಿಯಿತು. ಅಧಿಕಾರಿ ತಪಾಸಣೆಯ ಪುಸ್ತಕದಲ್ಲಿ ಎರಡು ಸಾಲು ಬರೆದು ಹೋದರು. "ಒಂಬತ್ತನೇ ಬಿ, ಶಿಸ್ತು ಉತ್ತಮ. ಗಣಿತ ಶಿಕ್ಷಕರು ಸುಧಾರಿಸಬೇಕು."

ಮೊನ್ನೆ ಸಂತೆಕಟ್ಟೆಯಲ್ಲಿ ಬಸ್ಸಿಗೆ ಕಾಯುತ್ತಾ ನಿಂತಿದ್ದೆ. ಒಂದು ಸ್ಕೂಟರ್ ಬಂದು ನಿಂತಿತು. ಹೆಲ್ಮೆಟ್ ತೆಗೆದಾಗ ಗುರುತು ಸಿಕ್ಕಿತು. ಲೀಡರ್. ಈಗ ಅವಳೇ ಒಂದು ಶಾಲೆಯಲ್ಲಿ ಟೀಚರ್. ಕೊಡೆಯ ಸುದ್ದಿ ಎತ್ತಲಿಲ್ಲ. ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಎಂತ ಸರ್, ಇನ್ನೂ ನಿಂತೇ ಇದ್ದೀರಾ? ಗಂಟೆ ಹೊಡೆದು ಇಪ್ಪತ್ತು ವರ್ಷ ಆಯ್ತಲ್ಲ!"

ಬೆಂಚಿನಲ್ಲಿದ್ದವರು ಸರಿದು ಜಾಗ ಮಾಡಿದರು. ಕುಳಿತೆ.