ಸಂಜೀವ ಮಾವನ ಹಿತ್ತಾಳೆ ತೋಟೆಗಳು

‘ಗೊತ್ತಿಲ್ಲ’ ಎಂಬ ಮಾತು ನನ್ನ ಬಾಯಿಂದ ಸುಲಭಕ್ಕೆ ಹೊರಡುವುದಿಲ್ಲ. ಇಪ್ಪತ್ತೆಂಟು ವರ್ಷ ಪಿಯುಸಿ ಮಕ್ಕಳಿಗೆ ರಸಾಯನಶಾಸ್ತ್ರ ಕಲಿಸಿದವನಿಗೆ ಅಂಟಿಕೊಂಡ ಕಾಯಿಲೆ ಇದು. ಎದುರಿನವರು ಪ್ರಶ್ನೆ ಮುಗಿಸುವ ಮೊದಲೇ ನನ್ನ ಉತ್ತರ ಅರ್ಧ ದಾರಿ ಬಂದಿರುತ್ತದೆ. ಉರ್ವ ಮಾರ್ಕೆಟ್ಟಿನಲ್ಲಿ ಯಾವ ಮೀನು ತಾಜಾ, ಇನ್ವರ್ಟರಿನ ಬ್ಯಾಟರಿಗೆ ಎಂಥ ನೀರು, ಪಕ್ಕದ ಮನೆಯವರ ಮಂಡಿನೋವಿಗೆ ಏನು ಕಾರಣ, ಎಲ್ಲದಕ್ಕೂ ನನ್ನಲ್ಲಿ ಉತ್ತರವಿದೆ. ಅವುಗಳಲ್ಲಿ ಕೆಲವು ಸರಿಯೂ ಇರುತ್ತವೆ.

ಕದ್ರಿಯಲ್ಲಿರುವ ಸಂಜೀವ ಮಾವ ನನ್ನ ಹೆಂಡತಿ ಶಶಿಕಲಾಳ ಸೋದರಮಾವ. ಎಂಬತ್ತು ದಾಟಿದವರು. ಬಜಪೆ ಕಡೆ ಮನೆತನಕ್ಕೆ ಭೂಮಿ ಇದ್ದ ಕಾಲದ ಒಂದು ರಿವಾಲ್ವರು ಅವರ ಮಾವನಿಂದ ಅವರ ಕೈಗೆ ಬಂದಿತ್ತು. ಲೈಸೆನ್ಸು ಸರಿಯಾಗಿತ್ತು, ಆದರೆ ಅದು ಕಪಾಟು ಬಿಟ್ಟು ಹೊರಗೆ ಬರುತ್ತಿದ್ದುದು ಚುನಾವಣೆ ಬಂದಾಗ ಠಾಣೆಯಲ್ಲಿ ಇಟ್ಟು ಬರಲಿಕ್ಕೆ ಮಾತ್ರ. ಈ ವರ್ಷ ಅದನ್ನು ಸರಕಾರಕ್ಕೇ ಒಪ್ಪಿಸಿಬಿಡುವುದೆಂದು ಮಾವ ನಿಶ್ಚಯಿಸಿದರು. ಅದಕ್ಕೆ ಮೊದಲು ಶೂಟಿಂಗ್ ಕ್ಲಬ್ಬಿನಲ್ಲಿ ಆರೇ ಆರು ಗುಂಡು ಹೊಡೆಯಬೇಕೆಂಬುದು ಅವರ ಆಸೆ. ಜೀವಮಾನವಿಡೀ ಇಟ್ಟುಕೊಂಡು ಒಮ್ಮೆಯೂ ಹೊಡೆಯಲಿಲ್ಲವೆಂದರೆ ಮರ್ಯಾದೆಯ ಪ್ರಶ್ನೆಯಲ್ಲವೇ? ತೊಂದರೆ ಏನೆಂದರೆ, ಆ ಕಾಲದ ರಿವಾಲ್ವರಿಗೆ ಬೇಕಾದ ತೋಟೆ ಈಗ ಎಲ್ಲಿಯೂ ಸಿಗುವುದಿಲ್ಲ. ಅವರ ಬಳಿ ಉಳಿದದ್ದು ಒಂದು ಬಿಸ್ಕೆಟ್ ಡಬ್ಬಿ ತುಂಬ ಖಾಲಿ ತೋಟೆಗಳು. ಹಿಂದೆ ಯಾವಾಗಲೋ ಅವರ ಮಾವ ಹೊಡೆದು ಉಳಿಸಿದ ಹಿತ್ತಾಳೆಯ ಚಿಪ್ಪುಗಳು.

“ಇದಕ್ಕೆ ಪುನಃ ಮದ್ದು ತುಂಬಿಸ್ಲಿಕ್ಕೆ ಆಗ್ತದಾ ಮಾರಾಯ? ನೀನು ಕೆಮಿಸ್ಟ್ರಿಯವ, ಹೇಳು” ಎಂದರು ಮಾವ.

ನಾನು ಒಂದನ್ನು ಎತ್ತಿ ಬೆಳಕಿಗೆ ಹಿಡಿದೆ. ಹುಣಸೆಹಣ್ಣಿನಲ್ಲಿ ತಿಕ್ಕಿಟ್ಟಿದ್ದರೋ ಏನೋ, ದೇವರ ಮನೆಯ ದೀಪದ ಹಾಗೆ ಹೊಳೆಯುತ್ತಿತ್ತು. “ಹಿತ್ತಾಳೆ ಮಾವ! ತುಕ್ಕು ಹಿಡಿಯುವುದಿಲ್ಲ. ಹಳೆಯ ಕಾಲದ ಮಾಲು ಬೇರೆ, ಈಗಿನದಕ್ಕಿಂತ ಗಟ್ಟಿ. ಧಾರಾಳ ತುಂಬಿಸಬಹುದು” ಎಂದೆ. ಮಾವ ಆ ಸಂಜೆಯೇ ನಾಲ್ಕು ಮಂದಿ ನೆಂಟರಿಗೆ ಫೋನ್ ಮಾಡಿ, ತಾವು ಗುಂಡು ಹೊಡೆಯುವುದನ್ನು ನೋಡಲು ಬರಬೇಕೆಂದು ಆಮಂತ್ರಣ ಕೊಟ್ಟೂಬಿಟ್ಟರು.

ಮರುದಿನ ಇಬ್ಬರೂ ಡಬ್ಬಿ ಹಿಡಿದುಕೊಂಡು ಪೇಟೆಯ ಹಳೆಯ ಕೋವಿ ಅಂಗಡಿಗೆ ಹೋದೆವು. ಅಂಗಡಿಯ ಹಸನಬ್ಬರು ಮಾವನ ಹಳೆಯ ಪರಿಚಯದವರು. ನಾನು ಹಿತ್ತಾಳೆಯ ಗುಣಗಳನ್ನು ವಿವರಿಸಿದ್ದನ್ನೆಲ್ಲ ತಾಳ್ಮೆಯಿಂದ ಕೇಳಿದರು. ಆಮೇಲೆ, “ಮೊದಲು ಒಂದು ಮಾತು ಸರ್. ಮನೆಯಲ್ಲಿ ನೀವು ಇದಕ್ಕೆ ಮದ್ದು ತುಂಬಿಸಿದ್ರೆ ಪೊಲೀಸರು ನಿಮ್ಮನ್ನು ಜೀಪಿಗೆ ತುಂಬಿಸ್ತಾರೆ” ಎಂದರು. ಹಾಗೆನ್ನುತ್ತಲೇ ಒಂದು ಖಾಲಿ ತೋಟೆಯನ್ನು ಮೇಜಿನ ವೈಸಿಗೆ ಬಿಗಿದು, ಗರಗಸದಿಂದ ಉದ್ದಕ್ಕೆ ಸೀಳಿದರು. ಪಕ್ಕದಲ್ಲಿ ಹಾಗೆಯೇ ಸೀಳಿಟ್ಟಿದ್ದ ಈಗಿನ ಕಾಲದ ತೋಟೆಯೊಂದನ್ನು ಇಟ್ಟರು. ಹೊಸದರ ಬುಡ ಗಟ್ಟಿ ಹಿತ್ತಾಳೆ. ನಮ್ಮದರ ಬುಡದಲ್ಲಿ ಸುತ್ತ ಪೊಳ್ಳು, ಗೋಡೆ ಕಾಗದದಷ್ಟು ತೆಳು.

“ಆಗ ಹೀಗೇ ಮಾಡ್ತಾ ಇದ್ದದ್ದು. ಪೆಟ್ಟು ಬೀಳುವ ಜಾಗದಲ್ಲೇ ಬಲ ಇಲ್ಲ, ಹೊಡೆಯುವಾಗ ಕೈಯಲ್ಲೇ ಒಡೆದೀತು. ಇನ್ನೊಂದು ಉಂಟು ಸರ್. ಬುಡದಲ್ಲಿ ಕಿಡಿ ಹೊತ್ತಿಸುವ ಕ್ಯಾಪು ಇರ್ತದಲ್ಲ, ಆ ಕಾಲದಲ್ಲಿ ಅದರ ಮದ್ದಿನಲ್ಲಿ ಪಾದರಸ ಇರ್ತಿತ್ತು. ಪಾದರಸ ಹಿತ್ತಾಳೆಗೆ ತಾಗಿದ್ರೆ ಎಂತ ಆಗ್ತದೆ?”

ಎಂತ ಆಗುತ್ತದೆ! ನಾನು ವರ್ಷ ವರ್ಷವೂ ಕರಿಹಲಗೆಯ ಮೇಲೆ ಬರೆದು, ಪರೀಕ್ಷೆಗೆ ಬರುತ್ತದೆಂದು ಅಡಿಗೆರೆ ಎಳೆಸಿದ ಪಾಠ ಅದು. ಲೋಹದೊಳಗೆ ಪಾದರಸ ಇಳಿದು ಅದನ್ನು ಪುಡಿಯಾಗುವಂತೆ ಮಾಡುತ್ತದೆ. ಹಸನಬ್ಬರು ಇನ್ನೊಂದು ತೋಟೆಯ ಅಂಚನ್ನು ಇಕ್ಕಳದಿಂದ ಮೆಲ್ಲನೆ ಅದುಮಿದರು. ಅಷ್ಟು ಹೊಳೆಯುತ್ತಿದ್ದ ಹಿತ್ತಾಳೆ ಹಪ್ಪಳದ ಹಾಗೆ ಚಟ್ಟೆಂದು ಮುರಿಯಿತು.

ಮಾವ ತಮ್ಮ ಬಲಗೈಯನ್ನೊಮ್ಮೆ ತಿರುಗಿಸಿ ನೋಡಿಕೊಂಡರು. ಆಮೇಲೆ ನನ್ನನ್ನು ನೋಡಿದರು. ಬೈದಿದ್ದರೆ ಒಳ್ಳೆಯದಿತ್ತು. ಆ ಕೈ, ಹತ್ತಿರ ನಿಂತು ನೋಡಬೇಕಿದ್ದ ನೆಂಟರ ಕಣ್ಣುಗಳು, ಎಲ್ಲವನ್ನೂ ನನ್ನ ಒಂದು ‘ಧಾರಾಳ’ದ ಮೇಲೆ ಬಿಟ್ಟಿದ್ದರಲ್ಲ!

ಅದೇ ವಾರ ರಿವಾಲ್ವರು ಠಾಣೆ ಸೇರಿತು. ರಶೀದಿ ಜೇಬಿಗೆ ಹಾಕಿಕೊಂಡು ಹೊರಬಂದ ಮಾವ ಎದುರಿನ ಹೋಟೆಲಿನ ಕಡೆ ಕೈ ತೋರಿಸಿ, “ಆರು ಗುಂಡು ಇಲ್ಲದಿದ್ರೆ ಬೇಡ ಮಾರಾಯ, ಆರು ಗೋಳಿಬಜೆ ಹೊಡೆಯುವ” ಎಂದರು. ಆರರಲ್ಲಿ ನನಗೆ ಒಂದೇ ಕೊಟ್ಟರು. ನಾನು ಕೇಳಲೂ ಇಲ್ಲ.

ಮೊನ್ನೆ ಒಂದು ಮದುವೆ ಊಟದಲ್ಲಿ ಪಕ್ಕದಲ್ಲಿದ್ದವರು ತಮ್ಮ ಅಜ್ಜನ ಕೋವಿಯ ವಿಷಯ ತೆಗೆದರು. ನಾನು ಕೈಯಲ್ಲಿದ್ದ ಹಪ್ಪಳ ಕೆಳಗಿಟ್ಟು, ಹಳೆಯ ತೋಟೆಯ ಬುಡ ಹೇಗೆ ಪೊಳ್ಳು, ಪಾದರಸ ಏನು ಮಾಡುತ್ತದೆ, ಅವನ್ನು ಪುನಃ ತುಂಬಿಸುವುದು ಎಂಥ ಮೂರ್ಖತನ ಎಂದು ಪಾಯಸ ಬರುವ ತನಕ ವಿವರಿಸಿದೆ. ಸುತ್ತಲಿನವರು ತಲೆದೂಗಿದರು.

ಮನೆಗೆ ಬರುವಾಗ ಸ್ಕೂಟರಿನ ಹಿಂದಿನಿಂದ ಶಶಿಕಲಾ ಹೇಳಿದಳು: “ಅಲ್ಲ, ಗಟ್ಟಿ ಉಂಟು ಅಂತ ಮಾವನಿಗೆ ಹೇಳಿದ್ದೂ ಇದೇ ಸ್ವರದಲ್ಲಿ ಅಲ್ವಾ?”

ಏನು ಮಾಡಲಿ? ನನ್ನ ಹತ್ತಿರ ಇರುವುದು ಒಂದೇ ಸ್ವರ.