ಕೈಮೇಲಿನ ಏಳನೆಯ ಇಯತ್ತೆ

ನನ್ನ ಬಗ್ಗೆ ಯಾರಾದರೂ ಏನಾದರೂ ಕೇಳಿದಾಗಲೆಲ್ಲ, ನಾನು ಬಾಯಿ ತೆರೆಯುವ ಮೊದಲೇ ನನ್ನ ಬಲಗೈ ಉತ್ತರ ಕೊಟ್ಟುಬಿಡುತ್ತಿತ್ತು. ಒಮ್ಮೆ ಆಗಿದ್ದರೆ ಮರೆಯಬಹುದಿತ್ತು. ಹದಿನೈದು ವರ್ಷ ಹಾಗೆಯೇ ಆಗುತ್ತ ಬಂದದ್ದರಿಂದ ಈಗ ಬರೆಯಲು ಕುಳಿತಿದ್ದೇನೆ. ಬರೆದು ಅಭ್ಯಾಸವಿಲ್ಲ, ತಪ್ಪಿದ್ದಲ್ಲಿ ಓದುವವರು ತಿದ್ದಿಕೊಳ್ಳಬೇಕು.

೧. ಎರಡು ಸಾಲು

ನನ್ನ ತವರು ಶಿರಹಟ್ಟಿ ತಾಲೂಕಿನ ಬೆಳ್ಳಟ್ಟಿ. ನಾನು ಎರಡನೆಯ ಇಯತ್ತೆಗೆ ಶಾಲೆ ಬಿಟ್ಟ ಮೇಲೆ, ಒಂದು ದಿನ ಹಚ್ಚೆ ಹಾಕುವಾಕೆ ನಮ್ಮ ಓಣಿಗೆ ಬಂದಳು. ಹೆಣ್ಣುಮಗಳ ಕೈಮೇಲೆ ಅಣ್ಣನ ಹೆಸರಿದ್ದರೆ ತವರು ಎಂದೂ ದೂರಾಗುವುದಿಲ್ಲವೆಂದು ನಮ್ಮವ್ವ ನಂಬಿದ್ದಳು. ಆದರೆ ಅವ್ವನಿಗೂ ಓದು ಬಾರದು, ಹಚ್ಚೆಯಾಕೆಗೂ ಬಾರದು, ಅಣ್ಣ ಶಾಲೆಗೆ ಹೋಗಿದ್ದ. ಅವ್ವ ಗೋಡೆಯ ಗೂಡಿನಲ್ಲಿದ್ದ ಅಣ್ಣನ ನೋಟ್‌ಬುಕ್ಕನ್ನು ತಂದು, "ಇದರ ಮ್ಯಾಲೆ ಇದ್ದದ್ದು ನೋಡಿ ಹಾಕವಾ" ಎಂದಳು. ನಾನು ಕಣ್ಣು ಮುಚ್ಚಿಕೊಂಡು ಅತ್ತೆ. ಆಕೆ ಕೈಯಲ್ಲಿ ಜಾಗವಿರುವವರೆಗೆ ಒಂದಕ್ಷರವನ್ನೂ ಬಿಡದೆ ಚುಚ್ಚಿದಳು.

ಸಂಜೆ ಅಣ್ಣ ಬಂದು ನನ್ನ ಊದಿದ ಕೈಯನ್ನು ದೀಪಕ್ಕೆ ಹಿಡಿದು ಓದಿದ. ಮೊಣಕೈಯ ಕೆಳಗೆ "ಈರಪ್ಪ" ಎಂದಿತ್ತು. ಅದರ ಕೆಳಗೆ, ಮುಂಗೈಯ ಹತ್ತಿರ, "೭ನೇ ಇಯತ್ತೆ" ಎಂದಿತ್ತು.

"ಅಳಸಾಕ ಬರತೈತೇನೋ?" ಎಂದು ಅವ್ವ ಗಾಬರಿಯಾದಳು.

"ಅದು ಹೋಗೂದಿಲ್ಲಬೇ. ಕೆಳಗ ಇನ್ನೊಂದು ಸಾಲು 'ಗಣಿತ' ಅಂತ ಇತ್ತು. ಅಷ್ಟರಾಗ ಕೈ ಮುಗದೈತಿ, ಪುಣ್ಯಾ."

ಅಣ್ಣ ಏಳನೆಯ ಇಯತ್ತೆಯಲ್ಲಿ ಮೂರು ಸಲ ನಪಾಸಾಗಿ ಹೊಲಕ್ಕೆ ಹೋದ. ನನ್ನ ಕೈಮೇಲೆ ಮಾತ್ರ ಅವನು ಇಂದಿಗೂ ಶಾಲೆಗೆ ಹೋಗುತ್ತಿದ್ದಾನೆ.

೨. ಮುಚ್ಚಿದ ಬಾಯಿ

ನನ್ನ ಮುಂದಿನ ಹಲ್ಲುಗಳು ತುಟಿಗಿಂತ ಮುಂದೆ ಬಂದಿದ್ದವು. ಆದ್ದರಿಂದ ಬೆಟಗೇರಿಯಿಂದ ಗಂಡಿನ ಕಡೆಯವರು ನನ್ನನ್ನು ನೋಡಲು ಬಂದ ದಿನ ಅವ್ವ ಒಂದೇ ಮಾತು ಹೇಳಿದ್ದಳು: "ಏನ ಕೇಳಿದ್ರೂ ಬಾಯಿ ಬಿಡಬ್ಯಾಡ. ತಲಿ ಅಲ್ಲಾಡಸು." ತನ್ನ ಕುಪ್ಪಸವನ್ನೇ ನನಗೆ ತೊಡಿಸಿದ್ದಳು. ಅದರ ತೋಳು ಮೊಣಕೈ ದಾಟಿ ಕೆಳಗಿಳಿದಿತ್ತು.

ಮುಂದೆ ನನಗೆ ಮಾವನಾದ ಹಿರಿಯರು, "ಎಷ್ಟು ಕಲತೀಯವಾ?" ಎಂದು ಕೇಳಿದರು. ಇದಕ್ಕೆ ತಲೆ ಅಲ್ಲಾಡಿಸಿ ಉತ್ತರ ಕೊಡುವುದು ಹೇಗೆಂದು ನನಗೆ ತಿಳಿಯಲಿಲ್ಲ. ಬೆವರುತ್ತ ಚಹಾದ ತಟ್ಟೆಯನ್ನು ಮುಂದೆ ಚಾಚಿದೆ. ಅವರ ಕಣ್ಣು ನನ್ನ ಮುಂಗೈಮೇಲೆ ನಿಂತಿತು. ಹೆಸರು ತೋಳಿನೊಳಗೆ ಅಡಗಿತ್ತು. ಹೊರಗೆ ಕಾಣುತ್ತಿದ್ದದ್ದು ಇಯತ್ತೆ ಮಾತ್ರ.

"ಏಳನೇತ್ತ," ಎಂದು ಅವರು ಉಳಿದವರಿಗೆ ಓದಿ ಹೇಳಿದರು. "ಎರಡು ಕಲತು ಆರು ಅಂತ ಹೇಳೋ ಮಂದಿನ್ನ ನೋಡೀನಿ. ಇವರು ಭಾಳ ಖರೆ ಮಂದಿ. ಕೈಮ್ಯಾಲೆ ಬರಸಿಬಿಟ್ಟಾರ."

ಅವ್ವ ಅಣ್ಣನನ್ನು ನೋಡಿದಳು. ಅಣ್ಣ ಜಂತಿ ಎಣಿಸುತ್ತ ಕುಳಿತ. ನಾನು ನಿಜ ಹೇಳಬೇಕೆಂದುಕೊಂಡೆ. ಹೇಳಿದರೆ ಹಲ್ಲು ಕಾಣುತ್ತಿದ್ದವು. ಮದುವೆಯಾದ ಮೇಲೆ ಮೇಲಿನ ಸಾಲನ್ನೂ ಎಲ್ಲರೂ ನೋಡಿದರು. ಆಗ ಮಾವನವರೇ ಬಿಡಿಸಿ ಹೇಳಿದರು: "ಹೆಸರು ಅಣ್ಣಂದು, ಇಯತ್ತೆ ಆಕೀದು."

೩. ಮುಂಡರಗಿಯ ಪತ್ರ

ಅಂದಿನಿಂದ ಎದೆಯಲ್ಲಿ ಒಂದೇ ಅಂಜಿಕೆ. ಎರಡು ಕಲಿತವಳೆಂದು ಗೊತ್ತಾದರೆ ಮೋಸ ಮಾಡಿ ಬಂದವಳೆಂದು ನನ್ನನ್ನು ಬೆಳ್ಳಟ್ಟಿಗೆ ಕಳಿಸಿಬಿಟ್ಟರೆ? ಅಂಚೆಯವನ ಸೈಕಲ್ಲಿನ ಗಂಟೆ ಕೇಳಿದರೆ ಹಿತ್ತಲಿಗೆ ಹೋಗಿ ಪಾತ್ರೆ ತಿಕ್ಕುತ್ತಿದ್ದೆ, ತಿಕ್ಕಿದವನ್ನೇ ಮತ್ತೆ ತಿಕ್ಕುತ್ತಿದ್ದೆ.

ಆದರೂ ಮದುವೆಯಾದ ಎರಡನೆಯ ತಿಂಗಳಲ್ಲಿ, ಮುಂಡರಗಿಗೆ ಕೊಟ್ಟಿದ್ದ ನಾದಿನಿಯಿಂದ ಒಂದು ಕಾರ್ಡು ಬಂತು. ಮಾವನವರಿಗೆ ಓದಲು ಬರುತ್ತಿತ್ತು. ಆದರೆ ಅವರು, "ಏಳು ಕಲತ ಸೊಸಿ ಇದ್ದಾಗ ನಾ ಯಾಕ ಕಣ್ಣಿಗೆ ತ್ರಾಸ ಕೊಡಲಿ?" ಎಂದು ಅದನ್ನು ನನ್ನ ಕೈಗೆ ಕೊಟ್ಟರು.

ಸಾಲುಗಳು ಇರುವೆ ಹರಿದಂತೆ ಕಂಡವು. "ಬರ" ಎಂಬುದೊಂದನ್ನು ಕೂಡಿಸಿಕೊಂಡೆ, "ಸೋಮವಾರ" ಎಂಬುದನ್ನೂ ಕೂಡಿಸಿಕೊಂಡೆ. ಸೆರಗಿನಿಂದ ಬಾಯಿ ಮುಚ್ಚಿಕೊಂಡು, "ಎಲ್ಲಾರೂ ಕ್ಷೇಮ ಅಂತರಿ. ಸೋಮವಾರ ಬರತಾರಂತರಿ" ಎಂದೆ.

ಸೋಮವಾರ ಅತ್ತೆ ಎಂಟು ಜನರಿಗಾಗುವಷ್ಟು ಹೋಳಿಗೆ ಮಾಡಿದರು. ಯಾರೂ ಬರಲಿಲ್ಲ. ಮುಂಡರಗಿಯಲ್ಲಿಯೂ ಎಂಟು ಜನರಿಗಾಗುವಷ್ಟು ಹೋಳಿಗೆ ಮಾಡಿಕೊಂಡು ನಮ್ಮ ದಾರಿ ಕಾಯುತ್ತಿದ್ದರು. ನಾವು ಬರಬೇಕೆಂದು ಬರೆದ ಪತ್ರವಂತೆ ಅದು; ನನಗೆ ತಿಳಿದದ್ದು ಎಷ್ಟೋ ದಿನದ ಮೇಲೆ.

ಅದೇ ವಾರ ನಾದಿನಿ ಸಿಟ್ಟಿನಿಂದ ಇನ್ನೊಂದು ಕಾರ್ಡು ಬರೆದಳು. ಅದನ್ನೂ ನನಗೇ ಕೊಟ್ಟರು.

"ಎಲ್ಲಾರೂ ಕ್ಷೇಮ ಅಂತರಿ" ಎಂದೆ.

೪. ಬಿಸಿನೀರು

ವರ್ಷಗಳು ಕಳೆದವು, ಮಾವನವರು ತೀರಿಕೊಂಡರು. ಮಗಳಿಗೆ ನನ್ನ ಹಲ್ಲೇ ಬಂದವು. ಹೆಣ್ಣುಹುಡುಗಿ ನನ್ನಂತೆ ಬಾಯಿಗೆ ಕೈ ಅಡ್ಡ ಹಿಡಿದು ನಗುವುದನ್ನು ನೋಡಲಾಗದೆ, ನನ್ನ ಯಜಮಾನರು ನಮ್ಮಿಬ್ಬರನ್ನೂ ಗದಗಿನ ಹಲ್ಲಿನ ಡಾಕ್ಟರರ ಬಳಿಗೆ ಕರೆದೊಯ್ದರು. ಡಾಕ್ಟರರು ಮುಂದೆ ತಂತಿಯಿದ್ದ ಗುಲಾಬಿ ಬಣ್ಣದ ಅಚ್ಚೊಂದನ್ನು ಮಾಡಿಕೊಟ್ಟರು. ಬೇಕಾದಾಗ ತೆಗೆದು ತೊಳೆದು ಮತ್ತೆ ಹಾಕಿಕೊಳ್ಳುವಂಥದ್ದು. ಓಣಿಯ ಹೆಂಗಸರೆಲ್ಲ ಬಂದು ನೋಡಿದರು. "ತಂತಿ ಹಾಕ್ಯಾರಲ್ಲ, ಧಾರವಾಡ ರೇಡಿಯೋ ಸ್ಟೇಷನ್ನು ಹತ್ತತೈತೇನವಾ?" ಎಂದು ಒಬ್ಬಾಕೆ ಮಗಳ ಗಲ್ಲ ಹಿಂಡಿದಳು.

ಡಾಕ್ಟರರು ಒಂದು ಚೀಟಿಯನ್ನೂ ಬರೆದಿದ್ದರು. ಯಜಮಾನರು, "ಆಕೀ ಕಡೆ ಕೊಡ್ರಿ, ಏಳನೇತ್ತ ಕಲತಾಳ" ಎಂದು ಅದನ್ನು ನನಗೆ ಕೊಡಿಸಿ, ಮರುದಿನ ಮಾರುವ ಸೀರೆಗಳ ಗಂಟು ಕಟ್ಟಿಕೊಂಡು ಲಕ್ಷ್ಮೇಶ್ವರದ ಸಂತೆಗೆ ಹೋದರು.

"ಏನ ಬರದಾರಬೇ?" ಎಂದು ಮಗಳು ಕೇಳಿದಳು. ಆಕೆಯ ಕೈಗೆ ಕೊಟ್ಟಿದ್ದರೆ ಮುಗಿಯುತ್ತಿತ್ತು. ಮಗಳ ಮುಂದೆ ಸಣ್ಣವಳಾಗಲು ಮನಸ್ಸು ಬರಲಿಲ್ಲ. ಆ ಚೀಟಿಯಲ್ಲಿಯೂ ಎರಡು ಸಾಲುಗಳಿದ್ದವು. ಅಡುಗೆಮನೆಯಲ್ಲಿ ಒಬ್ಬಳೇ ನಿಂತು ಮೊದಲ ಸಾಲಿನ ಕೊನೆಯನ್ನು ಕಷ್ಟಪಟ್ಟು ಕೂಡಿಸಿದೆ: "ಬಿಸಿನೀರಿನಲ್ಲಿ". ಇಷ್ಟು ಓದಿದೆನಲ್ಲ ಎಂಬ ಸಂತೋಷದಲ್ಲಿ ಎರಡನೆಯ ಸಾಲಿನ ಗೊಡವೆಗೆ ಹೋಗಲಿಲ್ಲ. ನೀರನ್ನು ಚೆನ್ನಾಗಿ ಕುದಿಸಿ ಅಚ್ಚನ್ನು ಅದರಲ್ಲಿ ಬಿಟ್ಟೆ.

ತೆಗೆದಾಗ ಅದು ಹಪ್ಪಳದಂತೆ ಸೊಟ್ಟಗಾಗಿತ್ತು.

ಡಾಕ್ಟರರು ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. "ಬಿಸಿನೀರಿನಲ್ಲಿ ಹಾಕಬಾರದು ಅಂತ ಬರದಿದ್ದೆನಲ್ಲರಿ. ಓದಲಿಲ್ಲೇನು?"

ಯಜಮಾನರು ನನ್ನ ಕಡೆ ತಿರುಗಿದರು. ಮಗಳೂ ತಿರುಗಿದಳು. ಕುಪ್ಪಸದ ತೋಳನ್ನು ಮೇಲೆ ಸರಿಸಿದೆ. "ನಾ ಎರಡನೇತ್ತ ಅಷ್ಟ ಕಲತಿದ್ದುರಿ. ಈ ಏಳು ನಮ್ಮಣ್ಣಂದು. ಅವನೂ ಪಾಸಾಗಿಲ್ಲ."

ಹದಿನೈದು ವರ್ಷ ನುಂಗಿಕೊಂಡ ಮಾತು ಅದು. ಹೇಳುವ ಭರದಲ್ಲಿ ಬಾಯಿಮೇಲಿನ ಸೆರಗು ಜಾರಿತ್ತು. ಡಾಕ್ಟರರು ನನ್ನ ಕೈಯ ಕಡೆ ನೋಡಲೇ ಇಲ್ಲ.

"ನೀವು ಭಾಳ ತಡಾ ಮಾಡಿ ಬಂದ್ರಿ," ಎಂದರು. "ನಿಮ್ಮ ಹಲ್ಲಿಗೆ ಸಣ್ಣಾಕಿ ಇದ್ದಾಗನ ತಂತಿ ಹಾಕಬೇಕಾಗಿತ್ತು."

ಯಜಮಾನರು, "ಹೊಸಾ ಅಚ್ಚು ಮಾಡ್ರಿ" ಎಂದರು. "ಚೀಟಿ ಮಾತ್ರ ಈ ಸಲ ನನ್ನ ಕಡೆ ಕೊಡ್ರಿ."

೫. ಓಣಿಯ ಮಾನ

ಇನ್ನು ಅತ್ತೆಗೆ ಹೇಳುವುದು ಉಳಿದಿತ್ತು. ಎರಡು ದಿನ ಊಟ ಸೇರಲಿಲ್ಲ. ಹೊಸ ಅಚ್ಚು ಬಂದ ದಿನ, ಅವರು ರೊಟ್ಟಿ ಬಡಿಯುತ್ತಿದ್ದಾಗ ಹತ್ತಿರ ಕುಳಿತು ಎಲ್ಲವನ್ನೂ ಹೇಳಿಬಿಟ್ಟೆ. ಅವರು ರೊಟ್ಟಿಯ ಲಯವನ್ನೇ ತಪ್ಪಿಸಲಿಲ್ಲ.

"ನನಗ ಆ ಹೋಳಿಗಿ ದಿನಾನ ಗೊತ್ತಾಗೇತಿ."

"ಮತ್ತ ಯಾಕ ಕೇಳಲಿಲ್ಲರಿ ಅತ್ತಿ?"

"ಕೇಳಿ ಏನ ಮಾಡಲಿ? ಈ ಓಣಿಯೊಳಗ ಏಳು ಕಲತ ಸೊಸಿ ಇದ್ದದ್ದು ನಮ್ಮ ಮನ್ಯಾಗ ಒಬ್ಬಾಕಿನ. ಡಾಕ್ಟರ್ ಮುಂದ ಹೇಳಿದ್ದು ಹೇಳಿದಿ. ಓಣಿಯೊಳಗ ಬಾಯಿ ಬಿಟ್ಟಿ ಅಂದ್ರ ನೋಡು."

ಆ ಮಾತು ಮುಗಿಯುವಷ್ಟರಲ್ಲಿ, ಓಣಿಗೆ ಹೊಸದಾಗಿ ಬಂದಿದ್ದ ಪಕ್ಕದ ಮನೆಯಾಕೆ ಒಂದು ಕಾರ್ಡು ಹಿಡಿದುಕೊಂಡು ಬಂದಳು. ಕುರ್ತಕೋಟಿಯಲ್ಲಿದ್ದ ಅವಳ ಬಸುರಿ ಮಗಳ ಖಬರು. ಇದರಲ್ಲಿ "ಎಲ್ಲರೂ ಕ್ಷೇಮ" ಎಂದು ತಪ್ಪಿ ಹೇಳಿದರೆ ಗತಿಯೇನು?

"ಕೊಡವಾ, ನಮ್ಮಾಕಿ ಓದತಾಳ" ಎಂದರು ಅತ್ತೆ.

ಅಷ್ಟರಲ್ಲಿ ಮಗಳು ಬಂದು ನನ್ನ ಬೆನ್ನಿಗೆ ಆತುಕೊಂಡು ಕುಳಿತು, ನನ್ನ ಭುಜದ ಮೇಲಿಂದ ಕಾರ್ಡನ್ನು ಓದತೊಡಗಿದಳು. ಹೊಸ ಅಚ್ಚಿನಿಂದಾಗಿ ಅವಳ ಬಾಯಿಂದ ಬರುತ್ತಿದ್ದದ್ದು ಬರೀ ಗೊಜಗೊಜ. ಎದುರಿಗಿದ್ದವರಿಗೆ ಒಂದಕ್ಷರವೂ ತಿಳಿಯುವಂತಿರಲಿಲ್ಲ. ಆದರೆ ಹೆತ್ತವಳಿಗೆ ತಿಳಿಯದಿರುತ್ತದೆಯೇ? ಅವಳು ಗೊಣಗಿದ್ದನ್ನು ನಾನು ಸ್ಪಷ್ಟವಾಗಿ, ಗಟ್ಟಿಯಾಗಿ ಹೇಳುತ್ತ ಹೋದೆ: ಹೆರಿಗೆ ಸುಸೂತ್ರವಾಗಿದೆ, ಹೆಣ್ಣುಮಗು, ಬಾಣಂತಿಗೆ ತಿನ್ನಿಸುವ ಖಾರ ತಂದುಕೊಡಬೇಕು, ಬರುವಾಗ ಹಳೆಯ ಸೀರೆಗಳನ್ನು ತರಬೇಕು.

ಪಕ್ಕದ ಮನೆಯಾಕೆ ಕಣ್ಣೊರೆಸಿಕೊಂಡು ಎದ್ದಳು. ಬಾಗಿಲ ಬಳಿ ನಿಂತು ನನ್ನ ಕೈಮೇಲಿನ ಹಚ್ಚೆಯನ್ನೊಮ್ಮೆ ನೋಡಿ, "ಕಲತಾಕಿ ಓದೂದ ಬ್ಯಾರೆ ನೋಡವಾ" ಎಂದಳು. "ಆದರ ನಿನ್ನ ಮಗಳನ್ನೂ ಒಂದೀಟು ಸಾಲಿಗೆ ಕಳಸು. ಬರೇ ಗೊಣಗತೈತಿ ಪಾಪ, ಮಾತ ಸೈತ ಬರವಲ್ದು."

ಮಗಳು ಆ ವರ್ಷ ಏಳನೆಯ ಇಯತ್ತೆಯಲ್ಲಿದ್ದಳು.