ಅರ್ಜಿ ಕೊಡದೆ ರಜೆ ಹಾಕುವ ವಿಕಿರಣ ಯಂತ್ರದ ಸನ್ನಿಧಿಗೆ

ಆಸ್ಪತ್ರೆಯ ನೆಲಮಾಳಿಗೆಯ ತಣ್ಣನೆಯ ಕೋಣೆಯಲ್ಲಿ ವಿರಾಜಮಾನರಾಗಿರುವ ಮಾನ್ಯ ವಿಕಿರಣ ಯಂತ್ರದವರೇ,

ದೆಹಲಿಯ ಮುನಿರ್ಕಾದಿಂದ ಶಾರದಾ ತಲೆಬಾಗಿ ಮಾಡುವ ನಮಸ್ಕಾರಗಳು. ತಾವು ಕ್ಷೇಮವೇ ಎಂದು ಕೇಳೋಣವೆಂದರೆ, ತಾವು ಮೇಲಿಂದ ಮೇಲೆ ಕ್ಷೇಮವಾಗಿಲ್ಲದಿರುವುದೇ ನನ್ನ ದೂರು.

ಗಂಟಲಿನ ಕ್ಯಾನ್ಸರಿಗಾಗಿ ತಮ್ಮ ಕಿರಣದಡಿ ಮಲಗುವ ಸೆಕ್ಷನ್ ಆಫೀಸರ್ ಇಂದುಶೇಖರ ನನ್ನ ಯಜಮಾನರು. ನಡುವೆ ಬಿಡುವು ಬಿದ್ದರೆ ಸಾಯಬೇಕಾದ ಜೀವಕೋಶಗಳು ಮತ್ತೆ ಚಿಗುರುತ್ತವೆ, ಆದ್ದರಿಂದ ಒಂದು ದಿನವೂ ತಪ್ಪಿಸಕೂಡದೆಂದು ಡಾಕ್ಟರಮ್ಮ ಕಟ್ಟಪ್ಪಣೆ ಮಾಡಿದ್ದಾರೆ. ಅದರ ಪ್ರತಿ ತಮಗೆ ತಲುಪಿದಂತಿಲ್ಲ. ನವೆಂಬರಿನ ಹೊಗೆಯಲ್ಲಿ ಕೆಮ್ಮುತ್ತಾ ಆಟೋದಲ್ಲಿ ಬಂದಿಳಿದರೆ, ಮಶೀನ್ ಖರಾಬ್ ಎಂಬ ಚೀಟಿ ಬಾಗಿಲಿಗೆ ಅಂಟಿರುತ್ತದೆ. ಬಿಡಿಭಾಗ ವಿದೇಶದಿಂದ ಬರಬೇಕಂತೆ, ಇಂಜಿನಿಯರು ಬೆಂಗಳೂರಿನಿಂದ ಬರಬೇಕಂತೆ. ನಮ್ಮ ಕಡೆಯವರಲ್ಲವೇ ಎಂದು ಒಂದು ಗಳಿಗೆ ಹೆಮ್ಮೆಯೂ ಆಯಿತು, ನನ್ನ ಕರ್ಮ! ಇಷ್ಟು ಕಾಲ ಸರ್ಕಾರಿ ನೌಕರಿ ಮಾಡಿದ ನಮ್ಮವರಿಗೂ ಹೀಗೆ ಸಂಬಳಸಹಿತ ಮಾಯವಾಗುವ ವಿದ್ಯೆ ಸಿದ್ಧಿಸಲಿಲ್ಲ.

ತಮಗೆ ರಜೆಯೆಂದರೆ ಪಥ್ಯಕ್ಕೂ ರಜೆಯೆಂದು ನಮ್ಮವರು ತಿಳಿದುಕೊಂಡು, ಮನೆಯ ಕೆಳಗಿನ ಪಾನ್ ಅಂಗಡಿ ಭಯ್ಯಾನ ಹತ್ತಿರ ಹೋಗಿ ಸಿಗರೇಟು ಹಚ್ಚುತ್ತಾರೆ. ರಕ್ತದಲ್ಲಿ ಪ್ರಾಣವಾಯು ಚೆನ್ನಾಗಿದ್ದರೆ ಕಿರಣ ಚೆನ್ನಾಗಿ ನಾಟುತ್ತದೆ, ಸೇದಿದರೆ ಅದಕ್ಕೇ ಕಲ್ಲು ಬೀಳುತ್ತದೆ ಎಂದು ನಾನು ಗೋಗರೆದರೆ, ಸ್ವರವಿಲ್ಲದ ಆ ಮಹಾನುಭಾವರು ಕಿಟಕಿಯಾಚೆಯ ಹೊಗೆ ಕವಿದ ದೆಹಲಿಯನ್ನು ಬೆರಳಿನಿಂದ ತೋರಿಸುತ್ತಾರೆ. ಊರೇ ಹೊಗೆ ಸೇದುತ್ತಿರುವಾಗ ತಮ್ಮದೊಂದು ಯಾವ ಲೆಕ್ಕವೆಂಬ ವಾದ, ಮಣ್ಣು!

ಇದರ ಮೇಲೆ ಪಕ್ಕದ ಮನೆಯ ರತ್ನಮ್ಮನವರು, ಗಂಟಲು ಕೆಟ್ಟರೆ ಮೆಣಸಿನ ಸಾರೇ ಮದ್ದೆಂದು ಅಕ್ಕರೆಯಿಂದ ಪಾತ್ರೆ ತುಂಬ ತಂದರು. ಬೆಂದ ಗಂಟಲಿಗೆ ಒಂದು ಚಮಚ ಇಳಿದದ್ದೇ ತಡ, ಅಂದಿನಿಂದ ನಮ್ಮವರಿಗೆ ಅನ್ನ ಕಂಡರೇ ಭಯ. ಮೈ ಇಳಿದುಹೋಗಿ, ತಲೆ ಅಲುಗದಂತೆ ಬಿಗಿಯುವ ತಮ್ಮ ಮುಖವಾಡವೂ ಸಡಿಲವಾಗಿದೆ. ಗುರಿ ತಪ್ಪಬಾರದೆಂದು ಹೊಸದನ್ನು ಮಾಡಿಸಬೇಕಂತೆ.

ಆದಕಾರಣ ತಾವು ದಯಮಾಡಿ ಕಿರಣವನ್ನು ಕೊಂಚ ಮೇಲಕ್ಕೆತ್ತಿ ಅವರ ತಲೆಯೊಳಗಿನ ಹಟವನ್ನೂ ಸುಡಬೇಕು. ಬಿಡುವಾದಾಗ ಹೊರಗೆ ಬಂದು ದೆಹಲಿಯ ಗಾಳಿಗೂ ಒಂದು ಸುತ್ತು ಚಿಕಿತ್ಸೆ ಕೊಡಬೇಕು. ಇವೆರಡೂ ಆಗದಿದ್ದರೆ, ಚಿಕಿತ್ಸೆ ಮುಗಿಯುವವರೆಗಾದರೂ ಕೆಡದೆ ನಿಂತಿರಬೇಕು. ನನಗೆ ಹೆದರಿಕೆಯಾಗಿದೆ, ಯಂತ್ರದವರೇ. ಸಾರಿಗೆ ಉಪ್ಪು ಹೆಚ್ಚಾಯಿತೆಂದು ಇಡೀ ಕಟ್ಟಡಕ್ಕೆ ಕೇಳುವಂತೆ ಕೂಗುತ್ತಿದ್ದ ಮನುಷ್ಯ ಈಗ ಚಪ್ಪಾಳೆ ತಟ್ಟಿ ನೀರು ಕೇಳುತ್ತಾರೆ. ಆ ಕೂಗಾಟ ನನಗೆ ವಾಪಸು ಬೇಕು.

ಸೋಮವಾರ ಬೆಳಗ್ಗೆ ತಮ್ಮ ಬಾಗಿಲಲ್ಲೇ ನಿಂತಿರುವ,
ಇನ್ನೂ ತಮ್ಮ ವಿಶ್ವಾಸಿಯೇ ಆಗಿರುವ,
ಶಾರದಾ ಇಂದುಶೇಖರ

ಮರೆತ ಮಾತು: ಮುಂದಿನ ಆಯುಧಪೂಜೆಗೆ ತಮಗೆ ಅರಿಶಿನ ಕುಂಕುಮವಿಟ್ಟು ಬೂದುಗುಂಬಳ ಒಡೆಯಲು ನಾವಿಬ್ಬರೂ ಬರುವುದೆಂದು ಹರಕೆ ಹೊತ್ತಿದ್ದೇನೆ. ನಾನೊಬ್ಬಳೇ ಬರುವಂತಾದರೆ, ಕುಂಬಳಕಾಯಿಯನ್ನು ನೆಲದ ಮೇಲೆ ಒಡೆಯುವುದಿಲ್ಲ.